ಮಡಿಲಿನ ನೆಚ್ಚಿಕೆ

ಮೈಸೂರಿನಲ್ಲಿ ಮನಶ್ಶಾಸ್ತ್ರವೂ ಬಾನುಲಿಯೂ ಹಳೆಯ ನಂಟರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಷ್ಟೆ. ಆ ಧೈರ್ಯದಿಂದ ತಾಯಿಮಕ್ಕಳ ನಂಟಿನ ಮಾತೆತ್ತುತ್ತೇನೆ.

ಇಂಗ್ಲೆಂಡಿನ ಜಾನ್ ಬೌಲ್ಬಿ ಕಟ್ಟಿದ ಸಿದ್ಧಾಂತವನ್ನು ಮೇರಿ ಐನ್ಸ್‌ವರ್ತ್ ಪ್ರಯೋಗಕ್ಕೆ ಒಡ್ಡಿದರು. ವರ್ಷದ ಕೂಸನ್ನು ಹೊಸ ಕೋಣೆಯಲ್ಲಿ ಬಿಟ್ಟು ತಾಯಿ ಕೆಲವು ನಿಮಿಷ ಹೊರಹೋಗುತ್ತಾಳೆ. ಐನ್ಸ್‌ವರ್ತ್ ಅಗಲಿಕೆಯ ಅಳುವಿಗಿಂತ ಹೆಚ್ಚಾಗಿ ಗಮನಿಸಿದ್ದು ತಾಯಿ ಮರಳಿದ ಗಳಿಗೆಯನ್ನು. ನೆಚ್ಚಿಕೆಯುಳ್ಳ ಕೂಸು ಅಪ್ಪಿ, ಸಮಾಧಾನಗೊಂಡು, ಆಟಕ್ಕೆ ಹೊರಳುತ್ತದೆ. ಇನ್ನೊಂದು ಅಪ್ಪಿಯೂ ಒದೆಯುತ್ತದೆ. ಮತ್ತೊಂದು ಮುಖ ತಿರುಗಿಸುತ್ತದೆ. ಹಾಗೆ ನಿರ್ಲಿಪ್ತವಾಗಿ ಕಾಣುವ ಕೂಸಿನ ಎದೆಬಡಿತವೂ ಏರಿರುತ್ತದೆಂದು ಆಮೇಲೆ ತಿಳಿಯಿತು. ‘ನನಗೇನೂ ಆಗಿಲ್ಲ’ ಎನ್ನುವ ಗಂಡನೊಡನೆ ಬಾಳುವ ಗೃಹಿಣಿಗೆ ಇದೇನು ಹೊಸ ಸುದ್ದಿಯಲ್ಲ!

ನೆಚ್ಚಿಕೆಗೆಟ್ಟ ಬಾಲ್ಯ ಮುಂದೆ ಆತಂಕ, ಖಿನ್ನತೆಗಳ ಸಂಭವವನ್ನು ಹೆಚ್ಚಿಸುತ್ತದೆ, ನಿಜ. ಆದರೆ ಅದು ಹಣೆಬರಹವಲ್ಲ. ಸಹನೆಯುಳ್ಳ ಸಂಗಾತಿಯಿಂದ, ಚಿಕಿತ್ಸೆಯಿಂದ ನಡುವಯಸ್ಸಿನಲ್ಲೂ ನಂಟಿನ ರೀತಿ ಬದಲಾಗುವುದುಂಟು. ಎಲ್ಲ ಹೊಣೆಯನ್ನೂ ತಾಯಿಯೊಬ್ಬಳ ಮೇಲೆ ಹೊರಿಸುವುದೂ ನನಗೆ ಒಪ್ಪಿಗೆಯಿಲ್ಲ. ನಾನಿರುವ ರಾಜೀವನಗರದ ಬೀದಿಗಳಲ್ಲಿ ಕೂಸು ಅಜ್ಜಿಯ, ಅಕ್ಕನ, ನೆರೆಯಾಕೆಯ ಕಂಕುಳನ್ನೂ ಬಲ್ಲದು. ಅದು ಅತ್ತರೆ ಯಾವ ಬಾಗಿಲಿನಿಂದ ಮೊದಲು ಕೈ ಚಾಚುವುದೆಂದು ಹೇಳುವುದು ಕಷ್ಟ.