ಟ್ಯಾಂಕ್ ತುಂಬಿದೆ, ಹಸುವಿಗೆ ನೀರು ಸಾಲುತ್ತಿದೆಯೇ?

ಹಾಲು ಉತ್ಪಾದಕ ಸಹೋದರಿಯರೇ,

ಬೇಸಿಗೆಯಲ್ಲಿ ಹಾಲು ಇಳಿದಾಗ ಮೇವು, ಹಿಂಡಿ, ಜ್ವರ ಎಲ್ಲವನ್ನೂ ನೋಡುತ್ತೇವೆ. ಇನ್ನೊಂದು ವಿಷಯವನ್ನೂ ನೋಡಬೇಕು: ಹಸುವಿನ ಮುಂದಿರುವ ನಲ್ಲಿಯಲ್ಲಿ 10 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ?

ಹಾಲಿನ 100 ಪಾಲಿನಲ್ಲಿ ಸುಮಾರು 87 ಪಾಲು ನೀರೇ. ದಿನಕ್ಕೆ 10 ಲೀಟರ್ ಹಾಲು ಕೊಡುವ ಸೀಮೆಹಸುವಿಗೆ ಸುಮಾರು 60ರಿಂದ 80 ಲೀಟರ್ ನೀರು ಬೇಕು. ಬಿಸಿಲೂ ಒಣಮೇವೂ ಹೆಚ್ಚಾದಾಗ 100 ಲೀಟರ್ ಬೇಕಾದರೂ ಆಶ್ಚರ್ಯವಿಲ್ಲ. ಹಾಲು ಕರೆದ ಮೇಲೆ ಮತ್ತು ಮೇವು ತಿಂದ ಮೇಲೆ ಹಸು ಹೆಚ್ಚು ನೀರು ಕುಡಿಯುತ್ತದೆ, ಅದೂ ನಿಮಿಷಕ್ಕೆ 10 ಲೀಟರಿಗಿಂತ ಹೆಚ್ಚು. ಆ ಹೊತ್ತಿನಲ್ಲಿ ನಲ್ಲಿಯಿಂದ ನೀರು ಸಣ್ಣಗೆ ಬಂದರೆ ಹಸು ಹೊಟ್ಟೆ ತುಂಬ ಕುಡಿಯದೆ ತಲೆ ಎತ್ತಿಬಿಡುತ್ತದೆ. ನೀರು ಕಡಿಮೆಯಾದರೆ ಮೇವು ತಿನ್ನುವುದೂ ಕಡಿಮೆ, ಸಗಣಿ ಗಟ್ಟಿ, ಹಾಲು ಇಳಿಕೆ.

ಐಟಿಐಯಲ್ಲಿ ಪ್ಲಂಬರ್ ಕೆಲಸ ಕಲಿಯುವವರಿಗೆ ಪೈಪು ಕತ್ತರಿಸಿ ಜೋಡಿಸುವುದರ ಜೊತೆಗೆ ನೀರಿನ ವಿಜ್ಞಾನವನ್ನೂ ಹೇಳಿಕೊಡುತ್ತಾರೆ. ಅದರಲ್ಲಿ ನಾಲ್ಕು ಪಾಠಗಳು ನಮ್ಮ ಕೊಟ್ಟಿಗೆಗೂ ಬೇಕು.

1. ಒತ್ತಡ ಬರುವುದು ಎತ್ತರದಿಂದ

ಕೆರೆ ತುಂಬಿದ್ದಾಗ ತೂಬಿನಿಂದ ನೀರು ರಭಸವಾಗಿ ನುಗ್ಗುತ್ತದೆ. ಕೆರೆ ಇಳಿದಂತೆ ರಭಸವೂ ಇಳಿಯುತ್ತದೆ. ಕೆರೆ ಎಷ್ಟು ಎಕರೆ ಇದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ತೂಬಿನ ಮೇಲೆ ಎಷ್ಟು ಎತ್ತರ ನೀರು ನಿಂತಿದೆ ಎಂಬುದೇ ಲೆಕ್ಕ. ಟ್ಯಾಂಕಿಗೂ ಇದೇ ನಿಯಮ. ನಲ್ಲಿಗಿಂತ 10 ಅಡಿ ಮೇಲೆ ನೀರಿದ್ದರೆ ಹೆಬ್ಬೆರಳಿನ ಉಗುರಿನಷ್ಟು, ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು 300 ಗ್ರಾಂ ಒತ್ತಡ ಬೀಳುತ್ತದೆ. ನೆಲದ ಮೇಲೆ ಕೂರಿಸಿದ 1000 ಲೀಟರ್ ಟ್ಯಾಂಕಿಗಿಂತ ಚಾವಣಿಯ ಮೇಲಿಟ್ಟ 200 ಲೀಟರ್ ಡ್ರಮ್ಮಿನ ನೀರಿಗೇ ಒತ್ತಡ ಹೆಚ್ಚು. ತುಂಬಿದ 1000 ಲೀಟರ್ ಟ್ಯಾಂಕಿನ ನೀರೇ 1000 ಕಿಲೋ ತೂಗುತ್ತದೆ. ಆದ್ದರಿಂದ ಟ್ಯಾಂಕನ್ನು ಎತ್ತರಿಸುವ ಮುನ್ನ ಗೋಡೆ, ಚಾವಣಿ ಆ ಭಾರ ತಡೆಯುತ್ತವೆಯೇ ಎಂದು ಮೇಸ್ತ್ರಿಯನ್ನು ಕೇಳಿ.

2. ಪೈಪಿನ ಅಗಲ, ಪೈಪಿನ ದಾರಿ

ಅರ್ಧ ಇಂಚಿನ ಪೈಪಿಗಿಂತ ಒಂದು ಇಂಚಿನ ಪೈಪಿನ ಬಾಯಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ದೊಡ್ಡದು. ನೀರು ಪೈಪಿನ ಒಳಗೋಡೆಗೆ ಉಜ್ಜಿಕೊಂಡು ಹರಿಯುವುದರಿಂದ ಪೈಪು ಉದ್ದವಾದಷ್ಟೂ, ಸಣ್ಣದಾದಷ್ಟೂ, ತಿರುವು ಹೆಚ್ಚಿದಷ್ಟೂ ರಭಸ ಕುಗ್ಗುತ್ತದೆ. ನಮ್ಮ ಕಡೆ ಅನೇಕ ಬೋರ್‌ವೆಲ್‌ಗಳ ನೀರು ಗಡಸು. ಅದರ ಬಿಳಿ ಗಾರು ವರ್ಷಗಟ್ಟಲೆ ಪೈಪಿನೊಳಗೆ, ವಾಲ್ವಿನೊಳಗೆ ಕಟ್ಟಿದರೆ ಒಂದು ಇಂಚಿನ ಪೈಪೂ ಅರ್ಧ ಇಂಚಿನಂತಾಗುತ್ತದೆ. ಪೈಪು ನಡುವೆ ಉಬ್ಬಿಕೊಂಡು ಮೇಲೆದ್ದಿದ್ದರೆ ಆ ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಂಡು ನೀರನ್ನು ತಡೆಯುತ್ತದೆ. ಟ್ಯಾಂಕಿನಿಂದ ತೊಟ್ಟಿಯವರೆಗೆ ಪೈಪು ಒಂದೇ ಸಮನೆ ಇಳಿಜಾರಾಗಿರಲಿ.

3. ನೀರು ಹಿಂದಕ್ಕೂ ಹೋಗುತ್ತದೆ

ಡ್ರಮ್ಮಿನ ನೀರು ತೆಗೆಯಲು ಪೈಪಿನ ತುದಿಯನ್ನು ಬಾಯಲ್ಲಿ ಎಳೆದು ಕೆಳಗೆ ಬಿಟ್ಟರೆ ನೀರು ತಾನಾಗಿಯೇ ಬರುತ್ತದಲ್ಲವೇ? ಪೈಪಿನ ಆ ತುದಿ ಕೆಳಗಿರುವುದರಿಂದ ನೀರು ಏರಿ ಇಳಿದು ಹರಿಯುತ್ತದೆ. ಇದೇ ಕೆಲಸ ನಮಗೆ ಗೊತ್ತಿಲ್ಲದೆಯೂ ನಡೆಯಬಹುದು. ಉಣ್ಣೆಯ ಔಷಧಿ ಬೆರೆಸಲು ಬಕೆಟ್ಟಿಗೆ ನೀರು ಬಿಟ್ಟು ಪೈಪನ್ನು ಅದರಲ್ಲೇ ಮುಳುಗಿಸಿಟ್ಟಿದ್ದೀರಿ ಎನ್ನಿ. ಅಷ್ಟರಲ್ಲಿ ಕರೆಂಟು ಹೋಗಿ ಮೋಟಾರು ನಿಂತರೆ ಪೈಪಿನ ನೀರು ಹಿಂದಕ್ಕೆ ಜಾರುತ್ತದೆ, ಜೊತೆಗೆ ಬಕೆಟ್ಟಿನ ಔಷಧಿಯನ್ನೂ ಎಳೆದುಕೊಳ್ಳುತ್ತದೆ. ಅದೇ ಪೈಪು ಅಡುಗೆಮನೆಗೂ ಹೋಗುತ್ತಿದ್ದರೆ ಅಪಾಯ ಮಕ್ಕಳಿಗೆ. ಅದಕ್ಕೇ ಪ್ಲಂಬರ್‌ಗಳು ನಲ್ಲಿಯ ಬಾಯಿ ಮತ್ತು ತೊಟ್ಟಿಯ ಅಂಚಿನ ನಡುವೆ ಗಾಳಿಯಾಡುವಷ್ಟು ಜಾಗ ಬಿಡುತ್ತಾರೆ. ನೀವೂ ಕನಿಷ್ಠ ಎರಡು ಬೆರಳು ಅಂತರ ಬಿಡಿ. ಔಷಧಿ ಬೆರೆಸುವಾಗ ಮೊದಲು ನೀರು ಹಿಡಿದು ಪೈಪು ತೆಗೆದಿಡಿ, ಆಮೇಲೆ ಔಷಧಿ ಹಾಕಿ. ಔಷಧಿ ಬೆರೆತ ನೀರನ್ನು ಎಂದಿಗೂ ಬಾಯಿಂದ ಎಳೆಯಬೇಡಿ.

4. ಕಪ್ಪು ಪೈಪು ಬಿಸಿಲನ್ನು ಹೀರುತ್ತದೆ

100 ಅಡಿ ಉದ್ದದ ಒಂದು ಇಂಚಿನ ಪೈಪಿನಲ್ಲಿ ಸುಮಾರು 15 ಲೀಟರ್ ನೀರು ನಿಂತಿರುತ್ತದೆ. ಕಪ್ಪು ಪೈಪು ಬಿಸಿಲಲ್ಲಿ ಬಿದ್ದಿದ್ದರೆ ಮಧ್ಯಾಹ್ನ ಹಸುವಿಗೆ ಮೊದಲು ಸಿಗುವುದು ಈ ಕಾದ ನೀರೇ. ಪೈಪನ್ನು ಒಂದಡಿ ಮಣ್ಣಿನಲ್ಲಿ ಹೂಳಿ, ಟ್ಯಾಂಕಿಗೆ ತೆಂಗಿನ ಗರಿಯ ನೆರಳು ಮಾಡಿ. ಮೊದಲು ಬರುವ ಬಿಸಿನೀರನ್ನು ಚೆಲ್ಲಬೇಡಿ, ಕೊಟ್ಟಿಗೆ ತೊಳೆಯಲು ಹಿಡಿದುಕೊಳ್ಳಿ.

ಈಗ ನೀವು ಮಾಡಬೇಕಾದದ್ದು

ಬೆಳಿಗ್ಗೆ ಹಾಲು ಕರೆದು ಮುಗಿಸಿದ ಮೇಲೆ ಹಸು ನೀರು ಕುಡಿಯುವ ಜಾಗದಲ್ಲೇ 10 ಲೀಟರ್ ಬಕೆಟ್ ಇಟ್ಟು, ನಲ್ಲಿ ಪೂರ್ತಿ ತಿರುಗಿಸಿ, ಮೊಬೈಲಿನಲ್ಲಿ ಸಮಯ ನೋಡಿ. ಒಂದು ನಿಮಿಷದೊಳಗೆ ತುಂಬಿದರೆ ಒಂದು ಹಸುವಿನ ಮಟ್ಟಿಗೆ ಚಿಂತೆಯಿಲ್ಲ. ಎರಡು ಮೂರು ನಿಮಿಷವಾದರೆ ಮೊದಲು ವಾಲ್ವು ಮತ್ತು ಜಾಲರಿಯಲ್ಲಿ ಗಾರು ಕಟ್ಟಿದೆಯೇ ನೋಡಿ, ಆಮೇಲೆ ಪೈಪಿನ ಅಗಲ, ಕೊನೆಗೆ ಟ್ಯಾಂಕಿನ ಎತ್ತರ. ಖರ್ಚು ಕಡಿಮೆಯಿಂದ ಹೆಚ್ಚಿಗೆ ಹೋಗುವ ಕ್ರಮವೂ ಇದೇ.

ಪೈಪು ಬದಲಿಸಲು ಈಗ ಆಗದಿದ್ದರೆ ತೊಟ್ಟಿ ಕಟ್ಟಿಸಿ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ತೊಟ್ಟಿಯಲ್ಲಿ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ನಲ್ಲಿ ರಾತ್ರಿಯಿಡೀ ನಿಧಾನವಾಗಿ ತುಂಬಿದರೂ ಬೆಳಿಗ್ಗೆ ಎರಡು ಹಸುಗಳು ಕಾಯದೆ ಕುಡಿಯುತ್ತವೆ. ತೊಟ್ಟಿ ಉಕ್ಕಿ ನೀರು ಪೋಲಾಗದಂತೆ ತೇಲುಗುಂಡಿನ ವಾಲ್ವು ಹಾಕಿಸಿ. ವಾರಕ್ಕೊಮ್ಮೆ ಪಾಚಿ ತಿಕ್ಕಿ ತೊಳೆಯಿರಿ.

ಒಂದು ವಾರ ಹಸು ಬೇಕಾದಷ್ಟು ನೀರು ಕುಡಿದ ಮೇಲೂ ಹಾಲು ಏರದಿದ್ದರೆ ಕಾರಣ ಬೇರೆ ಇರಬಹುದು. ಆಗ ನಿಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ನಮಗೆ ತಿಳಿಸಿ, ಹಸುವನ್ನು ಬಂದು ನೋಡುತ್ತೇವೆ.

— ಪಶುವೈದ್ಯಾಧಿಕಾರಿ, ಮುಳಬಾಗಿಲು