ಗುಡ್ಡದ ನೆತ್ತಿಯ ರನ್‌ವೇ

ನಮ್ಮ ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಆದರೂ ವಿಮಾನ ನಿಲ್ದಾಣಕ್ಕೆಂದು ಗುರುತಿಸಿದ ಬೂವನಹಳ್ಳಿಯ ಬಯಲಲ್ಲಿ ನಿಂತರೆ ಎತ್ತರದಲ್ಲಿದ್ದೇವೆ ಅನ್ನಿಸುವುದೇ ಇಲ್ಲ. ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು ಕರಾವಳಿಗೆ ಬಂದರೆ ಲೆಕ್ಕ ತಲೆಕೆಳಗು. ನಾನು ನೋಡಲು ಹೋದ ಮಂಗಳೂರು ನಿಲ್ದಾಣದ ಎತ್ತರ ಬರೀ 100 ಮೀಟರಿನ ಆಸುಪಾಸು. ಪೈಲಟ್‌ಗಳು ಮೈಯೆಲ್ಲ ಕಣ್ಣಾಗಿ ಇಳಿಯುವ ಜಾಗ ಅದು.

ಮಂಗಳೂರಿನಿಂದ ಕಾವೂರು ಕಳೆದು, ಮರವೂರು ಸೇತುವೆಯಲ್ಲಿ ಫಲ್ಗುಣಿ ಹೊಳೆ ದಾಟಿದೆ. ಅಲ್ಲಿಂದ ಕೆಂಜಾರಿನ ಏರು. ಗುಡ್ಡ ಕಡಿದ ಕಡೆಯಲ್ಲೆಲ್ಲ ಕೆಂಪು ಮುರಕಲ್ಲು, ಕೆಳಗೆ ತೆಂಗು, ಅಡಿಕೆ. ಇಷ್ಟು ಏರುತಗ್ಗಿನ ನಡುವೆ ವಿಮಾನ ಎಲ್ಲಿ ಇಳಿಯುತ್ತದೆ ಎಂಬುದು ಏರು ಮುಗಿಯುವವರೆಗೂ ಹೊಳೆಯುವುದಿಲ್ಲ.

ಮೇಲೆ ಬಂದಾಗ ನೆಲ ಒಮ್ಮೆಲೇ ಸಪಾಟಾಯಿತು. ಬೇಲಿಯಾಚೆ ಗಾಳಿಚೀಲ ಹಾರಾಡುತ್ತಿತ್ತು. 1951ರ ಡಿಸೆಂಬರ್ 25ರಂದು ಇಲ್ಲಿ ನಿಲ್ದಾಣ ಉದ್ಘಾಟನೆಯಾದಾಗ ಬಂದಿಳಿದದ್ದು ಡಕೋಟ. ಹಳೆಯ ರನ್‌ವೇ 1,615 ಮೀಟರ್ ಉದ್ದ. 1981ರಲ್ಲಿ ಆವ್ರೊ ವಿಮಾನವೊಂದು ಅದರ ಕೊನೆ ದಾಟಿ ಮುಂದೆ ಹೋಗಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. 2006ರಲ್ಲಿ ಸುಮಾರು 2,450 ಮೀಟರಿನ ಹೊಸ ರನ್‌ವೇ ಬಂತು. ಉದ್ದ ಹೆಚ್ಚಿತು, ಆದರೆ ಅದರ ತುದಿಗಳಾಚೆಯೂ ಇಳಿಜಾರೇ.

ಬೇಲಿಯಿಂದ ದೂರದಲ್ಲಿ, ರಸ್ತೆಯ ಬದಿಯಲ್ಲಿ ನಿಂತು ಕಾದೆ. ಸುಮಾರು 70 ಸೀಟಿನ, ರೆಕ್ಕೆಗೊಂದು ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ ಬಂತು. ಅದು ಗುಡ್ಡದ ಅಂಚಿಗಿಂತ ಮೇಲಿದೆಯೋ ಅದೇ ಮಟ್ಟದಲ್ಲಿದೆಯೋ, ಎಷ್ಟು ದಿಟ್ಟಿಸಿದರೂ ನನಗೆ ತಿಳಿಯಲಿಲ್ಲ. ಒಳಗೆ ಕೂತ ಪೈಲಟ್‌ಗಳಿಗೂ ಇದೇ ಗೊಂದಲ. ಕಣಿವೆಯ ನೆಲವೂ ರನ್‌ವೇಯೂ ಒಂದೇ ಮಟ್ಟದಲ್ಲಿವೆ ಎಂದು ಕಣ್ಣು ನಂಬಿಸುತ್ತದೆ. ಹಾಗೆ ನಂಬಿದವರು ಬೇಕಾದ್ದಕ್ಕಿಂತ ಕೆಳಗೆ ಬಂದುಬಿಡುತ್ತಾರೆ. ಅದಕ್ಕೇ ರನ್‌ವೇಯ ಪಕ್ಕ ನಾಲ್ಕು ದೀಪಗಳ ಸಾಲು: ಎರಡು ಬಿಳಿ, ಎರಡು ಕೆಂಪು ಕಂಡರೆ ದಾರಿ ಸರಿ, ನಾಲ್ಕೂ ಕೆಂಪಾದರೆ ತೀರಾ ಕೆಳಗೆ. ಕಣ್ಣು ಏನೇ ಹೇಳಲಿ, ದೀಪದ ಮಾತನ್ನೇ ಕೇಳಬೇಕು.

ಸಣ್ಣ ವಿಮಾನದ ವೇಗ ಕಡಿಮೆ. ನೆಲ ಮುಟ್ಟಿದ ಮೇಲೆ ಪ್ರೊಪೆಲ್ಲರಿನ ಅಲಗುಗಳ ಕೋನ ಬದಲಿಸಿ ಗಾಳಿಯನ್ನು ಮುಂದಕ್ಕೆ ತಳ್ಳಿ ಬೇಗ ನಿಲ್ಲುತ್ತದೆ. ಆದರೆ ಇಳಿಜಾರಿಗೆ ಬಡಿದು ಅಂಚಿನಲ್ಲಿ ಮೇಲೆ ಕೆಳಗೆ ಹೊರಳುವ ಗಾಳಿ ಹಗುರ ವಿಮಾನವನ್ನೇ ಹೆಚ್ಚು ಅಲ್ಲಾಡಿಸುತ್ತದೆ. ನಾನು ನೋಡಿದ್ದರ ರೆಕ್ಕೆ ಕೊನೆ ಗಳಿಗೆಯಲ್ಲಿ ಒಂದು ಕಡೆಗೆ ವಾಲಿತು, ಮರುಕ್ಷಣ ಸರಿಯಾಯಿತು. ನನ್ನ ಎದೆ ಮಾತ್ರ ಹೊಡೆದುಕೊಳ್ಳುತ್ತಲೇ ಇತ್ತು.

ಇಳಿದು ಬರುವಾಗ ಕಣಿವೆಯ ಕಡೆ ನೋಡದೆ ಇರಲಾಗಲಿಲ್ಲ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಇದೇ ರನ್‌ವೇ ದಾಟಿ ಇಳಿಜಾರಿಗೆ ಬಿತ್ತು. 158 ಜನ ಸತ್ತರು, ಎಂಟು ಜನ ಉಳಿದರು. ಇಳಿಯಬೇಡ, ಮತ್ತೆ ಮೇಲೇರು ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದು ತನಿಖಾ ವರದಿಯಲ್ಲಿದೆ. ಆ ಮಾತು ನಡೆಯಲಿಲ್ಲ. ರನ್‌ವೇಯ ಬಹುಪಾಲು ಹಿಂದೆ ಸರಿದ ಮೇಲೆ ಗಾಲಿ ನೆಲ ಮುಟ್ಟಿತು. ಇದನ್ನು ಓದಿದಾಗಿನ ಸಂಕಟವೇ ಬೇರೆ, ಆ ಇಳಿಜಾರನ್ನು ಕಣ್ಣಾರೆ ಕಂಡಾಗಿನದೇ ಬೇರೆ.

ಜೂನ್‌ನಿಂದ ಇಲ್ಲಿ ಮೋಡ ಗುಡ್ಡದ ನೆತ್ತಿಗೇ ಇಳಿಯುತ್ತದೆ. ಆ ದಿನಗಳಲ್ಲಿ ನೀವು ಕೂತ ವಿಮಾನ ನೆಲದ ಹತ್ತಿರ ಬಂದು ಗರ್ರನೆ ಮೇಲೇರಿದರೆ ಗಾಬರಿಯಾಗಬೇಡಿ, ಪೈಲಟ್‌ಗೆ ಬೈಯಬೇಡಿ. ಬೆಂಗಳೂರಿಗೇ ತಿರುಗಿ ಹೋದರೂ ಹೋಗುವುದು ನಿಮ್ಮ ಅರ್ಧ ದಿನ ಮಾತ್ರ.