ಹುಳ ಹೀರಿದ ಚಿಗುರು

ತೈವಾನಿನ ಶಿಂಚು ಸೀಮೆ, ಬೆಯ್‌ಪು ಗುಡ್ಡಗಳು. ಅಲ್ಲಿನ ಹಕ್ಕಾ ಸಮುದಾಯದ ರೈತರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕತೆ ಒಂದು ಕೆಟ್ಟ ಬೇಸಿಗೆಯಿಂದ ಶುರುವಾಗುತ್ತದೆ. ಜೂನ್ ತಿಂಗಳು ಗಾಳಿಯಾಡದೆ ಕಣಿವೆಯಲ್ಲೆಲ್ಲ ಸೆಕೆ ಕಟ್ಟಿಕೊಂಡಿತ್ತು. ಚಹಾ ಗಿಡಗಳಿಗೆ ಹಸಿರು ಜಿಗಿಹುಳು ಮುತ್ತಿತ್ತು. ಮೂರು ಮಿಲಿಮೀಟರ್ ಉದ್ದವೂ ಇಲ್ಲದ ಈ ಹುಳು ಕೈ ತಾಗಿದೊಡನೆ ಜಿಗಿದು ಎಲೆಯಡಿ ಮರೆಯಾಗುತ್ತಿತ್ತು, ಕೈ ತೆಗೆದೊಡನೆ ಎಳೆ ಚಿಗುರಿನ ರಸ ಹೀರಲು ಮರಳುತ್ತಿತ್ತು. ಹೀರಿಸಿಕೊಂಡ ಚಿಗುರು ಬೆಳೆಯುವುದನ್ನೇ ನಿಲ್ಲಿಸಿ, ಹಳದಿಗೆ ತಿರುಗಿ, ಅಂಚು ಕಂದಿ ಮುರುಟಿಕೊಂಡಿತು.

ಚಹಾ ಕೈಕೊಟ್ಟರೆ ಆ ಮನೆಗಳಲ್ಲಿ ಬೇರೆ ದಾರಿ ಇರಲಿಲ್ಲ. 1869ರಲ್ಲಿ ಸ್ಕಾಟ್ಲೆಂಡಿನ ವ್ಯಾಪಾರಿ ಜಾನ್ ಡಾಡ್ ಎರಡು ಹಡಗುಗಳಲ್ಲಿ ತೈವಾನಿನ ಊಲಾಂಗ್ ಚಹಾವನ್ನು ನೇರ ನ್ಯೂಯಾರ್ಕಿಗೆ ಕಳಿಸಿದ್ದ. ಅದು ಅಲ್ಲಿ ರುಚಿ ಹತ್ತಿಸಿದ ಮೇಲೆ ದ್ವೀಪದ ಗುಡ್ಡಗುಡ್ಡವೂ ಚಹಾ ತೋಟವಾಗಿತ್ತು. ವ್ಯಾಪಾರಿಗಳು ಕೇಳುತ್ತಿದ್ದದ್ದು ಒಳ್ಳೆಯ ಎಲೆ. ಹುಳ ಹಿಡಿದ ಚಿಗುರನ್ನು ನೆರೆಹೊರೆಯವರು ಆಸೆ ಬಿಟ್ಟು ಗಿಡದಲ್ಲೇ ಬಿಟ್ಟರು.

ಒಬ್ಬ ರೈತ ಮಾತ್ರ ಬಿಡಲಿಲ್ಲ. ಬುಟ್ಟಿ ಹಿಡಿದು ತೋಟಕ್ಕಿಳಿದು, ಮುರುಟಿದ ಚಿಗುರನ್ನೇ ಒಂದೊಂದಾಗಿ ಕಿತ್ತ. ಇಡೀ ದಿನ ಕಿತ್ತರೂ ಬುಟ್ಟಿಯ ತಳವಷ್ಟೇ ಮುಚ್ಚುತ್ತಿತ್ತು. ತಂದದ್ದನ್ನು ಬಿಸಿಲಿಗೆ ಹರವಿ ಬಾಡಿಸಿದ, ನೆರಳಿಗೆ ಸರಿಸಿ ಕೈಯಲ್ಲಿ ಮೆಲ್ಲಗೆ ಮಗುಚುತ್ತ ಕೂತ. ಹಾಗೆ ಮಗುಚಿದಾಗ ಅಂಚು ನಲುಗಿ ಗಾಳಿ ಸೋಕಿದ ಕಡೆಯೆಲ್ಲ ಎಲೆ ಕೆಂಪೇರುತ್ತದೆ. ಊಲಾಂಗ್ ಮಾಡುವವರು ಅದನ್ನು ಒಂದು ಹದದಲ್ಲಿ ನಿಲ್ಲಿಸುತ್ತಾರೆ. ಈ ಚಿಗುರು ಆ ಹದ ದಾಟಿ, ಅರ್ಧಕ್ಕಿಂತ ಹೆಚ್ಚು ಕೆಂಪಾಯಿತು. ಆಮೇಲೆ ಕಾದ ಬಾಣಲೆಯಲ್ಲಿ ಹುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಹೊಸೆದು ಒಣಗಿಸಿದ್ದಾಯಿತು. ಕೊನೆಗೆ ಉಳಿದ ಹಿಡಿಯಷ್ಟು ಚಹಾ ಬಿಳಿ, ಹಸಿರು, ಹಳದಿ, ಕೆಂಪು, ಕಂದು ಬಣ್ಣಗಳು ಬೆರೆತ ವಿಚಿತ್ರ ಸರಕಾಗಿತ್ತು.

ಅದನ್ನು ಹೊತ್ತು ಅವನು ಪೇಟೆಗೆ ಹೋದ. ವ್ಯಾಪಾರಿ ಎಲೆ ನೋಡಿ ಹುಬ್ಬು ಗಂಟಿಕ್ಕಿದ. ಆದರೂ ಬಟ್ಟಲಿಗೆ ಒಂದು ಚಿಟಿಕೆ ಹಾಕಿ ಬಿಸಿನೀರು ಸುರಿದ. ಮೇಲೆದ್ದ ಆವಿಯಲ್ಲಿ ಜೇನಿನ, ಮಾಗಿದ ಹಣ್ಣಿನ ಪರಿಮಳ ತುಂಬಿತ್ತು. ವ್ಯಾಪಾರಿ ಮಾಮೂಲಿ ದರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಟ್ಟು ಎಲ್ಲವನ್ನೂ ಕೊಂಡ.

ರೈತ ಊರಿಗೆ ಬಂದು ಬೆಲೆ ಹೇಳಿದಾಗ ಯಾರೂ ನಂಬಲಿಲ್ಲ. ಬಡಾಯಿ ಎಂದು ನಕ್ಕರು. ಚಹಾಕ್ಕೆ ಬಡಾಯಿ ಚಹಾ ಎಂಬ ಹೆಸರೇ ಅಂಟಿತು. ಬಡಾಯಿ ಎಂಬರ್ಥದ 'ಪೆಂಗ್‌ಫೆಂಗ್' ಎಂಬ ಹೆಸರಿನಿಂದಲೇ ಅದನ್ನು ಇಂದಿಗೂ ಕರೆಯುತ್ತಾರೆ. ಪರದೇಶಗಳಲ್ಲಿ ಅದು 'ಓರಿಯೆಂಟಲ್ ಬ್ಯೂಟಿ' ಎಂದು ಪ್ರಸಿದ್ಧವಾಯಿತು.

ನಕ್ಕವರೂ ಆಮೇಲೆ ಮಾಡಲು ಹೊರಟರು. ಗುಟ್ಟು ಸುಲಭಕ್ಕೆ ಕೈಗೆ ಬರಲಿಲ್ಲ. ಹುಳ ಮುಟ್ಟದ ಸೊಂಪಾದ ಚಿಗುರನ್ನು ಅದೇ ರೀತಿ ಬಾಡಿಸಿದರು, ಮಗುಚಿದರು, ಹುರಿದರು. ಜೇನಿನ ವಾಸನೆ ಹುಟ್ಟಲೇ ಇಲ್ಲ. ಹುಳ ಬೇಕೇ ಬೇಕಿತ್ತು, ಆದರೆ ಅದನ್ನು ಕರೆಸುವ ಬಗೆ ಯಾರಿಗೂ ಗೊತ್ತಿರಲಿಲ್ಲ. ಅದು ಬರುತ್ತಿದ್ದದ್ದು ಬೇಸಿಗೆಯ ಸೆಕೆಗೆ, ಗಾಳಿಯಾಡದ ತಗ್ಗುಗಳಿಗೆ. ಕಡಿಮೆ ಬಂದರೆ ಪರಿಮಳವಿಲ್ಲ, ಮಿತಿಮೀರಿದರೆ ಕೀಳಲು ಚಿಗುರೇ ಇಲ್ಲ. ಕೀಟನಾಶಕಗಳು ಬಂದ ಕಾಲದಲ್ಲಿ ಇನ್ನೊಂದು ಕಷ್ಟ ಎದುರಾಯಿತು. ಸಿಂಪಡಿಸಿದ ತೋಟದಲ್ಲಿ ಫಸಲು ಉಳಿಯಿತು, ಪರಿಮಳ ಹೋಯಿತು. ಬೆಯ್‌ಪು ಮತ್ತು ಪಕ್ಕದ ಎಮೆಯ್‌ನ ಬೆಳೆಗಾರರು ಇಳುವರಿಯ ನಷ್ಟ ನುಂಗಿಕೊಂಡು ಹುಳವನ್ನು ಅದರ ಪಾಡಿಗೆ ಬಿಡುವುದನ್ನು ಕಲಿತರು.

ಕುಡಿಯುವವರೂ ತಮ್ಮ ಪಾಠ ಕಲಿತರು. ಕುದಿಯುವ ನೀರು ಎಳೆ ಕುಡಿಗಳ ನವಿರನ್ನು ಕೆಡಿಸುತ್ತಿತ್ತು. 85ರಿಂದ 90 ಡಿಗ್ರಿಗೆ ಇಳಿಸಿದ ನೀರು, ಮುಚ್ಚಳವಿರುವ ಪಿಂಗಾಣಿ ಬಟ್ಟಲು, ಒಂದು ನಿಮಿಷದೊಳಗೆ ಬಸಿಯುವ ಕೈ, ಇಷ್ಟು ಕೂಡಿದಾಗ ಹಾಲು ಸಕ್ಕರೆ ಇಲ್ಲದೆಯೇ ಸಿಹಿ ನಾಲಗೆಗೆ ಸಿಕ್ಕಿತು. ಅದೇ ಎಲೆಗೆ ಎರಡನೆಯ, ಮೂರನೆಯ ಸಲ ನೀರು ಹಾಕಿದರೂ ಪರಿಮಳ ಬಿಟ್ಟುಕೊಡುತ್ತಲೇ ಇತ್ತು.

ಈ ಜೇನಿನ ಪರಿಮಳ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಪ್ರಯೋಗಾಲಯದಲ್ಲಿ ಸಿಕ್ಕಿತು. 2007ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಸಂಶೋಧಕರಿದ್ದ ತಂಡವೊಂದು ಈ ಚಿಗುರಿನ ಜೀನ್‌ಗಳನ್ನೂ ರಾಸಾಯನಿಕಗಳನ್ನೂ ಹಂತಹಂತವಾಗಿ ಅಳೆಯಿತು. ಹುಳ ಹೀರಿದೊಡನೆ ಗಿಡದ ರಕ್ಷಣಾ ಜೀನ್‌ಗಳು ಚುರುಕಾಗಿದ್ದವು. ಪರಿಮಳ ಕೊಡುವ ಹೋಟ್ರಿಯೆನಾಲ್ ಎಂಬ ರಾಸಾಯನಿಕ ಮತ್ತು ಅದರ ಮೂಲವಾದ ಇನ್ನೊಂದು ಸಂಯುಕ್ತ ಎಲೆಯಲ್ಲಿ ಹೆಚ್ಚಿದ್ದವು. ಪೆಟ್ಟು ತಿಂದ ಗಿಡ ಹೊರಬಿಡುವ ಇಂಥ ವಾಸನೆಗಳು ಹುಳುವನ್ನು ಹಿಡಿದು ತಿನ್ನುವ ಜೇಡಗಳಂಥ ಜೀವಿಗಳನ್ನು ಸೆಳೆಯುತ್ತವೆ. ಗಿಡ ತನ್ನನ್ನು ಕಾಯಲು ಕರೆದದ್ದು ಅವುಗಳನ್ನು. ಬಾಡಿಸಿ, ಹುರಿದು ಆ ಕರೆಯನ್ನು ಎಲೆಯಲ್ಲೇ ಹಿಡಿದಿಟ್ಟದ್ದು ಬೆಯ್‌ಪುವಿನ ಕೈಗಳು. ಡಾರ್ಜಿಲಿಂಗಿನ ಬೇಸಿಗೆ ಕೊಯ್ಲಿನ ಚಹಾದ ಮಸ್ಕಟೆಲ್ ಎಂಬ ಪರಿಮಳದ ಹಿಂದೆಯೂ ಇದೇ ಬಳಗದ ಜಿಗಿಹುಳುಗಳಿವೆ, ಇವೇ ಸಂಯುಕ್ತಗಳಿವೆ.